ಏರೋ ಇಂಡಿಯಾಗೆ ಹೋಗಿ, ಹೆಡ್‌ಸೆಟ್ ದುಡ್ಡು ಮನೆಯಲ್ಲೇ ಇರಲಿ

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ಪಿಯುಸಿ ಸೈನ್ಸ್ ಮುಗಿದಿದೆ. ಪೈಲಟ್ ಆಗಬೇಕು ಅಂತ ಕ್ಲಾಸ್ 2 ಮೆಡಿಕಲ್ ಮಾಡಿಸಿದ್ದೇನೆ. ಕಲಬುರಗಿಯಲ್ಲಿ ಫ್ಲೈಯಿಂಗ್ ಸ್ಕೂಲ್ ಸೇರುವ ಯೋಚನೆ ಇದೆ. ಅದಕ್ಕೂ ಮೊದಲು ಮುಂದಿನ ಏರೋ ಇಂಡಿಯಾಗೆ ಹೋಗಿ ಹೆಡ್‌ಸೆಟ್, ನ್ಯಾವಿಗೇಷನ್ ಕಂಪ್ಯೂಟರ್, ನೀಬೋರ್ಡ್ ಎಲ್ಲ ಒಟ್ಟಿಗೆ ತಗೊಂಡು ಬರೋಣ ಅಂದುಕೊಂಡಿದ್ದೇನೆ. ಏರ್‌ಶೋಗಳಲ್ಲಿ ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ ಅಂತ ವಿಡಿಯೊಗಳಲ್ಲಿ ನೋಡಿದೆ. ಅಪ್ಪ ಇದಕ್ಕಾಗಿ 60 ಸಾವಿರ ರೂಪಾಯಿ ತೆಗೆದಿಟ್ಟಿದ್ದಾರೆ. ಮೊದಲು ಏನು ತಗೊಳ್ಳಲಿ?

ಉತ್ತರ: ಹೋಗಿ ತಂಗಿ, ಖಂಡಿತ ಹೋಗಿ. ಆದರೆ ಆ 60 ಸಾವಿರ ಅಪ್ಪನ ಹತ್ತಿರವೇ ಇರಲಿ.

ನಾನು ಪಕ್ಕದ ಚಿತ್ರದುರ್ಗದವನು. ಎಷ್ಟೋ ವರ್ಷ ಹುಡುಗ ಹುಡುಗಿಯರಿಗೆ ವಿಮಾನ ಹಾರಿಸುವುದನ್ನು ಕಲಿಸಿದ್ದೇನೆ. ಹೊಸ ಬ್ಯಾಗ್ ತುಂಬಾ ಸಾಮಾನು ತುಂಬಿಕೊಂಡು ಮೊದಲ ದಿನ ಬಂದವರನ್ನು ನೋಡಿದ್ದೇನೆ. ಆರು ತಿಂಗಳಾದ ಮೇಲೆ ಆ ಬ್ಯಾಗಿನಲ್ಲಿ ದಿನಾ ಕೈಗೆ ಬರುವುದು ಮೂರೋ ನಾಲ್ಕೋ ವಸ್ತು ಅಷ್ಟೇ. ಅದರಲ್ಲೂ ನಿಜವಾಗಿ ದುಡ್ಡು ಹಾಕಬೇಕಾದದ್ದು ಒಂದಕ್ಕೆ ಮಾತ್ರ. ಅದು ಹೆಡ್‌ಸೆಟ್. ಆದರೆ ನೀವು ಯಾವ ವಿಮಾನದಲ್ಲಿ ಕಲಿಯುತ್ತೀರಿ ಅಂತ ಗೊತ್ತಾಗುವ ಮೊದಲು ಅದನ್ನು ಕೊಳ್ಳುವ ಹಾಗಿಲ್ಲ.

ಮೊದಲು ಆ ವಿಡಿಯೊಗಳ ವಿಷಯ. ಅವು ಸುಳ್ಳಲ್ಲ, ಆದರೆ ಅವು ನಮ್ಮ ದೇಶದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಶ್‌ಕಾಶ್ ಅಂತ ಒಂದು ಊರಿದೆ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಅಲ್ಲಿ ಏರ್‌ವೆಂಚರ್ ಅನ್ನುವ ದೊಡ್ಡ ಮೇಳ ನಡೆಯುತ್ತದೆ. ಆ ವಾರ ಸುತ್ತಮುತ್ತ 10 ಸಾವಿರಕ್ಕೂ ಜಾಸ್ತಿ ವಿಮಾನಗಳು ಬಂದು ಇಳಿಯುತ್ತವೆ. ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಏಪ್ರಿಲ್‌ನಲ್ಲಿ ಇನ್ನೊಂದು ಮೇಳ. ಅಲ್ಲಿಗೆ ಬರುವವರಲ್ಲಿ ಸಣ್ಣ ವಿಮಾನ ಇಟ್ಟುಕೊಂಡವರು, ಹವ್ಯಾಸಕ್ಕೆ ಹಾರುವವರು ಬಹಳ. ಹಾಗಾಗಿ ಹೆಡ್‌ಸೆಟ್ ಮಾಡುವವರೇ ಮಳಿಗೆ ಹಾಕಿ ಮೇಳದ ರಿಯಾಯಿತಿ ಕೊಡುತ್ತಾರೆ. ನೀವು ನೋಡಿದ್ದು ಆ ಲೋಕ.

ಏರೋ ಇಂಡಿಯಾ ಬೇರೆ. ಅದು ಮುಖ್ಯವಾಗಿ ರಕ್ಷಣಾ ವ್ಯವಹಾರದ ಪ್ರದರ್ಶನ. 1996ರಲ್ಲಿ ಯಲಹಂಕದ ವಾಯುನೆಲೆಯಲ್ಲಿ ಶುರುವಾಯಿತು. ನಮ್ಮ ದುಗ್ಗಮ್ಮನ ಜಾತ್ರೆಯ ಹಾಗೆ ಇದೂ ಎರಡು ವರ್ಷಕ್ಕೊಮ್ಮೆ. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದದ್ದು 15ನೆಯದು. ಅಲ್ಲಿ ಮಳಿಗೆ ಹಾಕುವವರು ರೇಡಾರ್, ಎಂಜಿನ್, ಕ್ಷಿಪಣಿ, ಡ್ರೋನ್ ಮಾಡುವವರು. ಅವರ ಗಿರಾಕಿ ಸರ್ಕಾರ. ಒಬ್ಬ ವಿದ್ಯಾರ್ಥಿ ಒಂದು ಹೆಡ್‌ಸೆಟ್ ಕೊಳ್ಳಲು ಬರುತ್ತಾಳೆ ಅಂತ ಅವರು ಅಂಗಡಿ ತೆರೆದಿರುವುದಿಲ್ಲ. ಟೋಪಿ, ಕೀಚೈನ್, ಪುಟ್ಟ ವಿಮಾನದ ಮಾದರಿ ಸಿಗುತ್ತವೆ. ಒಂದು ಕೀಚೈನ್ ತಗೊಳ್ಳಿ, ಖುಷಿಯಾಗಿ ತಗೊಳ್ಳಿ. ಅಷ್ಟಕ್ಕೆ ನಿಲ್ಲಿಸಿ.

ನಾಗರಿಕ ವಿಮಾನಯಾನಕ್ಕೇ ಮೀಸಲಾದ ಪ್ರದರ್ಶನ ನಮ್ಮಲ್ಲಿ ವಿಂಗ್ಸ್ ಇಂಡಿಯಾ. ಅದು ಹೈದರಾಬಾದಿನ ಹಳೆಯ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ, ಎರಡು ವರ್ಷಕ್ಕೊಮ್ಮೆ, ಏರೋ ಇಂಡಿಯಾ ಇಲ್ಲದ ವರ್ಷ ನಡೆಯುತ್ತದೆ. ವಿಮಾನಯಾನ ಕಂಪನಿಗಳು, ತರಬೇತಿ ವಿಮಾನ ಮಾಡುವವರು ಅಲ್ಲಿಗೆ ಬರುತ್ತಾರೆ. ನಿಮ್ಮ ದಾರಿಗೆ ಅದು ಜಾಸ್ತಿ ಹತ್ತಿರ. ಆದರೆ ಯಲಹಂಕ ದಾವಣಗೆರೆಯಿಂದ ಒಂದು ರಾತ್ರಿಯ ರೈಲು ಅಲ್ವಾ? ಹಾಗಾಗಿ ಇದನ್ನು ಬಿಡಬೇಡಿ.

ಟಿಕೆಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 2025ರಲ್ಲಿ ಭಾರತೀಯರಿಗೆ ಮೂರು ಬಗೆಯ ಪಾಸ್ ಇದ್ದವು. ವ್ಯಾಪಾರಿಗಳ ಪಾಸ್ 5,000 ರೂಪಾಯಿ, ಸಾಮಾನ್ಯ ಪಾಸ್ 2,500, ಬರೀ ಹಾರಾಟ ನೋಡುವ ಆವರಣದ ಪಾಸ್ 1,000. ಆ ಕೊನೆಯದನ್ನು ಅಡ್ವಾ ಅಂತ ಕರೆಯುತ್ತಾರೆ. ಅಗ್ಗ ಅಂತ ಅದನ್ನು ತಗೊಂಡರೆ ಆಕಾಶದಲ್ಲಿ ಹಾರುವುದು ಕಾಣುತ್ತದೆ, ಮಳಿಗೆಗಳ ಒಳಗೆ ಬಿಡುವುದಿಲ್ಲ. ನಿಮಗೆ ಬೇಕಾದದ್ದು ಮಳಿಗೆಗಳು ಮತ್ತು ನೆಲದ ಮೇಲೆ ನಿಲ್ಲಿಸಿದ ವಿಮಾನಗಳು. ಹಾಗಾಗಿ ಸಾಮಾನ್ಯ ಪಾಸ್ ತಗೊಳ್ಳಿ. ಮೊದಲ ಮೂರು ದಿನ ವ್ಯಾಪಾರದವರಿಗೆ, ಕೊನೆಯ ಎರಡು ದಿನ ಸಾರ್ವಜನಿಕರಿಗೆ. ಆ ಎರಡರಲ್ಲಿ ಮೊದಲನೆಯ ದಿನ ಹೋಗಿ. ಕೊನೆಯ ದಿನ ಮಧ್ಯಾಹ್ನ ಆಗುತ್ತಿದ್ದಂತೆ ಎಷ್ಟೋ ಮಳಿಗೆಯವರು ಗಂಟುಮೂಟೆ ಕಟ್ಟುತ್ತಿರುತ್ತಾರೆ. ಆಗ ನಿಂತು ಮಾತಾಡುವವರು ಸಿಗುವುದಿಲ್ಲ.

ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಯಶವಂತಪುರ. ಅಲ್ಲಿಂದ ಯಲಹಂಕಕ್ಕೆ ಬಸ್ಸು ಹಿಡಿಯಿರಿ, ಕಾರು ಬೇಡ. ಬಳ್ಳಾರಿ ರಸ್ತೆಯಲ್ಲಿ ಆ ವಾರ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಟೋಪಿ ಹಾಕಿಕೊಳ್ಳಿ. ಫೆಬ್ರವರಿ ಅಂತ ಬೆಳಗ್ಗೆ ಚಳಿ ಇರುತ್ತದೆ, ಹನ್ನೊಂದರ ಮೇಲೆ ಆ ಕಾಂಕ್ರೀಟ್ ನೆಲದ ಮೇಲೆ ಬಿಸಿಲು ಸುಡುತ್ತದೆ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವ ಮುನ್ನ ಒಳಗೆ ಏನು ಬಿಡುತ್ತಾರೆ ಅಂತ ಪಾಸಿನ ಜೊತೆ ಬರುವ ಸೂಚನೆ ಓದಿ. ಇನ್ನೊಂದು. ಆ ದಿನಗಳಲ್ಲಿ ಯಲಹಂಕದ ಸುತ್ತ ಮಾಂಸದಂಗಡಿಗಳು ಮುಚ್ಚಿರುತ್ತವೆ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ, ಮಾಂಸದೂಟ ಬಡಿಸುವಂತಿಲ್ಲ ಅಂತ ಬಿಬಿಎಂಪಿ ಆದೇಶ ಹೊರಡಿಸಿತ್ತು. ಕಾರಣ ಹದ್ದುಗಳು. ಅಂಗಡಿಯವರು ಎಸೆದ ತುಣುಕಿಗೆ ಹದ್ದು ಬರುತ್ತದೆ, ಹದ್ದು ಎಂಜಿನ್‌ಗೆ ಸಿಕ್ಕರೆ ವಿಮಾನಕ್ಕೇ ಅಪಾಯ. ಮುಂದೆ ನೀವು ರನ್‌ವೇ ಕಡೆ ಇಳಿಯುವಾಗ ಹದ್ದನ್ನು ಹುಡುಕುವ ಕಣ್ಣು ಬೇಕಾಗುತ್ತದೆ. ಆ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ಈಗ ನಿಮ್ಮ ಪ್ರಶ್ನೆ. ಮೊದಲು ಏನು ಕೊಳ್ಳಬೇಕು?

ಹೊರಡುವ ಮುನ್ನ ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್ ಪ್ಲಗ್ ಕೇಳಿ ತಗೊಳ್ಳಿ. ಕಿವಿಯೊಳಗೆ ಇಡುವ ಆ ಪುಟ್ಟ ಬಿರಡೆಗಳು. ಪೈಲಟ್ ಆಗಲು ಹೊರಟವಳು ಕೊಳ್ಳಬೇಕಾದ ಮೊದಲ ಸಾಮಾನು ಅದೇ. ಸುಖೋಯ್ ಆಫ್ಟರ್‌ಬರ್ನರ್ ಹಾಕಿ ತಲೆಯ ಮೇಲೆ ಹೋದಾಗ ಆ ಸದ್ದು ಎದೆಯೊಳಗೆ ಗುದ್ದುತ್ತದೆ. ಜನ ಕೂಗಿ ಚಪ್ಪಾಳೆ ತಟ್ಟುತ್ತಾರೆ. ನೀವೂ ತಟ್ಟಿ, ಆದರೆ ಬಿರಡೆ ಹಾಕಿಕೊಂಡು ತಟ್ಟಿ. ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಲ್ಲೇ ಹಿಡಿಯಬೇಕು. ಅದು ಒಳಗೆ ಅರಳಿ ಕೂರುತ್ತದೆ. ಸುಮ್ನೆ ತುರುಕಿದರೆ ಕೆಲಸ ಮಾಡುವುದಿಲ್ಲ.

ಕಿವಿಯ ಬಗ್ಗೆ ನಾನು ಇಷ್ಟು ಹೇಳಲು ಕಾರಣವಿದೆ. ನಾನು ಕಲಿಯುವಾಗ ದುಡ್ಡು ಕಡಿಮೆ ಇತ್ತು. ಒಬ್ಬ ಹಳೆ ಸಾಮಾನಿನ ವ್ಯಾಪಾರಿಯ ಹತ್ತಿರ ಅಗ್ಗಕ್ಕೆ ಒಂದು ಹೆಡ್‌ಸೆಟ್ ಸಿಕ್ಕಿತು. ನೋಡಲು ಗಟ್ಟಿಮುಟ್ಟಾಗಿತ್ತು. ಸೇನೆಯ ಹೆಲಿಕಾಪ್ಟರಿನದು ಅಂತ ಆತ ಹೆಮ್ಮೆಯಿಂದಲೇ ಹೇಳಿದ್ದ. ನನಗೂ ಹೆಮ್ಮೆಯೇ ಆಯಿತು. ಮಾರನೇ ದಿನ ಸೆಸ್ನಾ ಅನ್ನುವ ಸಣ್ಣ ತರಬೇತಿ ವಿಮಾನದಲ್ಲಿ ಕೂತು ಪ್ಲಗ್ ಹಾಕಲು ಹೋದರೆ ಅದು ಹೋಗಲೇ ಇಲ್ಲ. ಸೆಸ್ನಾದಲ್ಲಿ ಎರಡು ತೂತು, ಇದಕ್ಕೆ ಒಂದೇ ಪ್ಲಗ್. ಅಡಾಪ್ಟರ್ ಹುಡುಕಿ ತಂದೆ. ಆಗ ಪ್ಲಗ್ ಹೋಯಿತು, ಆದರೆ ಮೈಕ್ ಮಾತಾಡಲಿಲ್ಲ. ಸೇನೆಯ ಹೆಡ್‌ಸೆಟ್‌ಗಳ ಮೈಕ್, ಸ್ಪೀಕರ್ ಕಡಿಮೆ ಇಂಪಿಡೆನ್ಸಿನವು, ಅಂದರೆ ಕರೆಂಟಿಗೆ ಅವು ಒಡ್ಡುವ ಅಡ್ಡಿ ಕಡಿಮೆ. ನಾಗರಿಕ ವಿಮಾನದ ರೇಡಿಯೋಗೆ ಬೇಕಾದದ್ದು ಜಾಸ್ತಿ ಇಂಪಿಡೆನ್ಸಿನವು. ಬರೀ ಪ್ಲಗ್ ಬದಲಿಸಿದರೆ ಅದು ಹೊಂದುವುದಿಲ್ಲ. ಆ ದಿನದ ಹಾರಾಟದ ದುಡ್ಡು ಹೋಯಿತು, ಪಾಠ ಆಗಲಿಲ್ಲ.

ಆಮೇಲೆ ಇನ್ನೊಂದು ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ತಿಂಗಳುಗಟ್ಟಲೆ ಎಲ್ಲರೂ ಹಾಕಿ ಬಿಟ್ಟ ಹಳೆಯ ಹೆಡ್‌ಸೆಟ್ ಹಾಕಿಕೊಂಡು ಹಾರಿದೆ. ಅದರ ಎಡಗಡೆಯ ಮೆತ್ತೆ ಸೀಳಿ ಹೋಗಿತ್ತು. ಸಣ್ಣ ಸೀಳು, ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕೆಲವು ವರ್ಷ ಕಳೆದು ಮೆಡಿಕಲ್‌ಗೆ ಹೋದಾಗ ಡಾಕ್ಟರು ಆಡಿಯೋಗ್ರಾಂ ಹಾಳೆ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಗೆರೆಯಲ್ಲಿ ತೋರಿಸುವ ಹಾಳೆ, ತೋರಿಸಿದರು. ಎಡಗಿವಿಯ ಗೆರೆಯಲ್ಲಿ 4,000 ಹರ್ಟ್ಸ್ ಹತ್ತಿರ ಒಂದು ತಗ್ಗು. ಸದ್ದಿನಿಂದ ಕಿವಿ ಕೆಟ್ಟರೆ ಮೊದಲು ತಗ್ಗು ಬೀಳುವುದು ಸಾಮಾನ್ಯವಾಗಿ ಅಲ್ಲೇ. ಪಾಸಾದೆ, ಕೆಲಸಕ್ಕೆ ತೊಂದರೆ ಆಗಲಿಲ್ಲ. ಆದರೆ ಆ ತಗ್ಗು ಇವತ್ತಿಗೂ ಹಾಗೇ ಇದೆ. ಒಳಗಿವಿಯ ಆ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನೆಯಲ್ಲಿ ಮಕ್ಕಳು ಎಡಗಡೆ ಕೂತು ಪಿಸುಗುಟ್ಟಿದರೆ ನನಗೆ ಅರ್ಧ ಮಾತು ಕೇಳುವುದಿಲ್ಲ.

ಹಾಗಾಗಿ ಹೆಡ್‌ಸೆಟ್ ಅಂದರೆ ರೇಡಿಯೋ ಕೇಳುವ ಸಾಧನ ಅಂತಷ್ಟೇ ನೋಡಬೇಡಿ. ಸೆಸ್ನಾ 172ರ ಒಳಗೆ ಎಂಜಿನ್ ಸದ್ದು 90 ಡೆಸಿಬಲ್‌ಗೂ ಜಾಸ್ತಿ ಇರುತ್ತದೆ. ಕಮರ್ಷಿಯಲ್ ಲೈಸೆನ್ಸ್‌ಗೆ ನೀವು 200 ಗಂಟೆ ಹಾರಬೇಕು. ಅಷ್ಟೂ ಹೊತ್ತು ನಿಮ್ಮ ಕಿವಿಗೆ ಇರುವ ಗೋಡೆ ಅದು.

ಹೆಡ್‌ಸೆಟ್‌ನಲ್ಲಿ ಎರಡು ಬಗೆ. ಮೊದಲನೆಯದು ಪ್ಯಾಸಿವ್. ದಪ್ಪ ಬಟ್ಟಲು, ಒಳಗೆ ಫೋಮ್, ತಲೆಯನ್ನು ಬಿಗಿಯಾಗಿ ಹಿಡಿಯುವ ಪಟ್ಟಿ. ಬ್ಯಾಟರಿ ಬೇಡ. ಹಸಿರು ಬಟ್ಟಲಿನ ಡೇವಿಡ್ ಕ್ಲಾರ್ಕ್ ಎಚ್10-13.4 ನೀವು ಎಲ್ಲ ಫ್ಲೈಯಿಂಗ್ ಸ್ಕೂಲ್‌ಗಳಲ್ಲೂ ನೋಡುವ ಹೆಡ್‌ಸೆಟ್. ಅದರ ಸದ್ದು ತಡೆಯುವ ಅಂಕ 23 ಡೆಸಿಬಲ್. ಎರಡನೆಯದು ಎಎನ್‌ಆರ್. ಬಟ್ಟಲಿನೊಳಗೆ ಒಂದು ಪುಟ್ಟ ಮೈಕ್ ಎಂಜಿನ್ನಿನ ಗುಡುಗುಡು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಅಲೆಯನ್ನು ಕಿವಿಗೆ ಬಿಡುತ್ತದೆ. ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ. ಬೋಸ್ ಕಂಪನಿ 1989ರಲ್ಲಿ ಪೈಲಟ್‌ಗಳಿಗೆ ಇಂಥ ಹೆಡ್‌ಸೆಟ್ ಮಾರಲು ಶುರು ಮಾಡಿತು. ಮೊದಲ ಸಲ ಸ್ವಿಚ್ ಹಾಕಿದಾಗ ಎಂಜಿನ್ ನಿಂತೇ ಹೋಯಿತಾ ಅಂತ ಗಾಬರಿಯಾಗುತ್ತದೆ, ಅಷ್ಟು ಶಾಂತ.

ಎಎನ್‌ಆರ್ ಸುಖ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋಸ್‌ನ ಎ30 ಅಮೆರಿಕದಲ್ಲೇ 1,300 ಡಾಲರ್ ಆಸುಪಾಸು. ಇಲ್ಲಿಗೆ ಬರುವಾಗ ಸಾಗಣೆ, ಸುಂಕ ಸೇರುತ್ತದೆ. ನಿಮ್ಮ 60 ಸಾವಿರ ಸಾಲುವುದಿಲ್ಲ. ಸಾಲುವ ಹಾಗಿದ್ದರೂ ಮೊದಲ ಹೆಡ್‌ಸೆಟ್ ಪ್ಯಾಸಿವ್ ಆಗಿರಲಿ ಅನ್ನುವುದು ನನ್ನ ಅಭಿಪ್ರಾಯ. ಅದು ಬಿದ್ದರೂ ಬಾಳುತ್ತದೆ. ಬ್ಯಾಟರಿ ಮುಗಿಯುವ ಚಿಂತೆ ಇಲ್ಲ. ಪ್ರತಿಯೊಂದು ಭಾಗವೂ ಬಿಡಿಯಾಗಿ ಸಿಗುತ್ತದೆ. ಮೆತ್ತೆ ಹಳೆಯದಾದರೆ ಮೆತ್ತೆ ಮಾತ್ರ ಬದಲಿಸಬಹುದು. ನಿಮ್ಮ ಲೈಸೆನ್ಸ್ ಮುಗಿದ ಮೇಲೆ ಜೂನಿಯರ್‌ಗೆ ಒಳ್ಳೆ ಬೆಲೆಗೆ ಕೊಡಬಹುದು.

ಪ್ಲಗ್ ವಿಷಯ ಈಗ ಗೊತ್ತಾಯಿತಲ್ಲ. ಸೆಸ್ನಾ, ಪೈಪರ್ ಥರದ ಸಣ್ಣ ವಿಮಾನಗಳಿಗೆ ಎರಡು ಪ್ಲಗ್. ಕಿವಿಗೆ ಒಂದು, ಮೈಕ್‌ಗೆ ಒಂದು, ಮೈಕಿನದು ಸ್ವಲ್ಪ ಸಣ್ಣದು. ಹೆಲಿಕಾಪ್ಟರ್‌ಗೆ ಒಂದೇ ಪ್ಲಗ್. ಕೆಲವು ಹೊಸ ವಿಮಾನಗಳಲ್ಲಿ ಲೆಮೋ ಅನ್ನುವ ಆರು ಪಿನ್ನಿನ ಜಾಗ, ಏರ್‌ಬಸ್‌ನಲ್ಲಿ ಐದು ಪಿನ್ನಿನದು. ಮುಂದೆ ಏರ್‌ಬಸ್ ಹಾರಿಸುತ್ತೇನಲ್ಲ ಅಂತ ಈಗಲೇ ಅದನ್ನು ಕೊಳ್ಳಲು ಹೋಗಬೇಡಿ. ಆ ದಿನ ಬಂದಾಗ ನೋಡಿಕೊಳ್ಳೋಣ.

ಏರೋ ಇಂಡಿಯಾದಲ್ಲೋ ವಿಂಗ್ಸ್ ಇಂಡಿಯಾದಲ್ಲೋ ಅದೃಷ್ಟಕ್ಕೆ ಹೆಡ್‌ಸೆಟ್ ಮಳಿಗೆ ಸಿಕ್ಕರೆ ದೊಡ್ಡ ಲಾಭ ಇದೆ, ಹಾಕಿ ನೋಡಬಹುದು. ಚೌಕಿಪೇಟೆಯಲ್ಲಿ ಸೀರೆ ತಗೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುವುದಿಲ್ವಾ, ಹಾಗೆ. ಹಾಕಿಕೊಂಡು ಒಂದು ನಿಮಿಷಕ್ಕೆ ತೆಗೆಯಬೇಡಿ. ಕೇಳಿಕೊಂಡು ಕಾಲು ಗಂಟೆ ಹಾಕಿಕೊಂಡೇ ನಿಲ್ಲಿ. ಕನ್ನಡಕ ಇದ್ದರೆ ಕನ್ನಡಕದ ಜೊತೆಗೇ ಹಾಕಿ. ದಪ್ಪ ಕಡ್ಡಿಯ ಕನ್ನಡಕ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ, ಆ ಸಂದಿಯಿಂದ ಸದ್ದು ಒಳಗೆ ಬರುತ್ತದೆ. ಕೂದಲು ಹಾರಾಟದ ದಿನ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ ನೋಡಿ. ತುರುಬು ಮೇಲಿದ್ದರೆ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಓಲೆ ತೆಗೆದಿಡಿ. ಒಂದು ಗಂಟೆ ಹಾರಾಟದಲ್ಲಿ ಓಲೆಯ ತಿರುಪು ಕಿವಿಯ ಹಿಂದೆ ಒತ್ತಿ ನೋವು ಬರುತ್ತದೆ ಅಂತ ನನ್ನ ವಿದ್ಯಾರ್ಥಿನಿಯರು ಹೇಳಿದ್ದಾರೆ. ಬಾಯಿ ತೆರೆದು ಮುಚ್ಚಿ, ಮಾತಾಡಿ ನೋಡಿ. ನೆತ್ತಿಯ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತಿದೆಯಾ? ಹಾಗಿದ್ದರೆ ಅದು ನಿಮ್ಮ ತಲೆಗಲ್ಲ. ಮೈಕ್ ತುಟಿಗೆ ತಾಗಿ ತಾಗದ ಹಾಗೆ ಇರಬೇಕು. ಕಡ್ಡಿ ಬಿಟ್ಟ ಕಡೆಗೇ ನಿಲ್ಲಬೇಕು, ಜಾರಬಾರದು. ಮಾಡೆಲ್ ಹೆಸರು, ಬೆಲೆ, ಭಾರತದಲ್ಲಿ ರಿಪೇರಿ ಮಾಡುವವರು ಯಾರು ಅನ್ನುವುದನ್ನು ಬರೆದುಕೊಳ್ಳಿ. ದುಡ್ಡು ಕೊಡದೆ ಹೊರಗೆ ಬನ್ನಿ.

ಸೆಕೆಂಡ್ ಹ್ಯಾಂಡ್ ತಪ್ಪಲ್ಲ. ಟ್ರೈನಿಂಗ್ ಮುಗಿಸಿ ಹೋಗುವ ಸೀನಿಯರ್‌ಗಳು ಮಾರುತ್ತಾರೆ, ಅದು ಬಹಳ ಸಲ ಒಳ್ಳೆಯ ದಾರಿ. ಆದರೆ ನೀವು ಹಾರುವ ವಿಮಾನದಲ್ಲೇ ಹಾಕಿ ಪರೀಕ್ಷಿಸಿ. ಪ್ಲಗ್ ಹತ್ತಿರ ವಯರ್ ಬಗ್ಗಿಸಿ, ಕರಕರ ಸದ್ದು ಬಂದರೆ ಒಳಗೆ ತಂತಿ ಕಡಿದಿದೆ ಅಂತ ಅರ್ಥ. ಮೆತ್ತೆ ಮತ್ತು ಮೈಕಿನ ಸ್ಪಂಜು ತಂದ ದಿನವೇ ಹೊಸದು ಹಾಕಿಸಿ. ಇನ್ನೊಬ್ಬರ ಬೆವರು, ಕಿವಿಯ ಸೋಂಕು ನಿಮಗೆ ಬೇಡ.

ವಿದೇಶದಲ್ಲಿರುವ ನೆಂಟರ ಕೈಲಿ ತರಿಸಿದರೆ ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಂಕ ಇಲ್ಲದೆ ತರುವ ಮಿತಿ ಎಷ್ಟು, ವಾರಂಟಿ ಇಲ್ಲಿ ನಡೆಯುತ್ತದಾ, ಎರಡನ್ನೂ ಮೊದಲೇ ಕೇಳಿ. ಯಾರ ಕೈಲೂ ವಾಕಿಟಾಕಿಯಂಥ ವಿಮಾನದ ರೇಡಿಯೋ ಮಾತ್ರ ತರಿಸಬೇಡಿ. ವಿಡಿಯೊಗಳಲ್ಲಿ ಅಮೆರಿಕದ ವಿದ್ಯಾರ್ಥಿಗಳು ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ.

ನ್ಯಾವಿಗೇಷನ್ ಕಂಪ್ಯೂಟರ್ ಕೊಳ್ಳಿ. ಇದನ್ನು ಈಗಲೇ ಕೊಳ್ಳಬಹುದು, ಯಾಕೆಂದರೆ ವಿಮಾನ ಯಾವುದೇ ಇರಲಿ, ಇದು ಬದಲಾಗುವುದಿಲ್ಲ. ಕಂಪ್ಯೂಟರ್ ಅಂದರೆ ಕರೆಂಟಿನದಲ್ಲ. ತಿರುಗುವ ಬಿಲ್ಲೆ, ಜಾರುವ ಪಟ್ಟಿ ಇರುವ ಲೆಕ್ಕದ ಸಾಧನ. ಇ6ಬಿ ಅಂತಲೋ ಸಿಆರ್‌ಪಿ-5 ಅಂತಲೋ ಸಿಗುತ್ತದೆ. ಏರ್ ನ್ಯಾವಿಗೇಷನ್ ಪೇಪರ್ ಓದುವಾಗ ದಿನಾ ಕೈಯಲ್ಲಿರಬೇಕು. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲಿ ಪಾಸಾಗಲು 100ಕ್ಕೆ 70 ಬೇಕು ಅನ್ನುವುದು ನೆನಪಿರಲಿ.

ಅದು ಏನು ಮಾಡುತ್ತದೆ ಅಂತ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 31 ನಾಟಿಕಲ್ ಮೈಲಿ, ಅಂದರೆ 58 ಕಿ.ಮೀ. ನಿಮ್ಮ ಸೆಸ್ನಾ 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ, ವೇಗದಲ್ಲಿ ಹೋದರೆ 19 ನಿಮಿಷ. ಮಳೆಗಾಲ ಅಂತ ಇಟ್ಟುಕೊಳ್ಳಿ, ಬಲಗಡೆಯಿಂದ ನೇರ ಅಡ್ಡಗಾಳಿ, 20 ನಾಟ್. ನಮ್ಮ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲವಲ್ಲ! ನೀವು ಗಾಳಿಯನ್ನು ಲೆಕ್ಕಕ್ಕೆ ತಗೊಳ್ಳದೆ ಮೂಗನ್ನು ನೇರ ಚಿತ್ರದುರ್ಗಕ್ಕೆ ಹಿಡಿದರೆ, 19 ನಿಮಿಷದ ಕೊನೆಗೆ ಎಡಕ್ಕೆ 11 ಕಿ.ಮೀ.ಗೂ ಜಾಸ್ತಿ ಸರಿದಿರುತ್ತೀರಿ. ಕೋಟೆ ಎಲ್ಲೋ ಬಲಗಡೆ ದೂರದಲ್ಲಿ ಉಳಿದಿರುತ್ತದೆ. ಆ ಬಿಲ್ಲೆ ತಿರುಗಿಸಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ. ಮೂಗನ್ನು ಬಲಕ್ಕೆ ಹನ್ನೊಂದೂವರೆ ಡಿಗ್ರಿ ತಿರುಗಿಸಿ ಹಿಡಿ, ನೆಲದ ಮೇಲಿನ ವೇಗ 98 ನಾಟ್.

2024ರ ಜೂನ್ 23ರಂದು ನಮ್ಮ ಚಳ್ಳಕೆರೆಯ ಡಿಆರ್‌ಡಿಒ ರನ್‌ವೇ ಮೇಲೆ ಇಸ್ರೋ ತನ್ನ ರೆಕ್ಕೆಯ ವಾಹನ ಪುಷ್ಪಕ್ ಅನ್ನು ಇಳಿಸಿದ್ದು ನೆನಪಿದೆಯಾ? ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು. ಬೇಕೆಂದೇ ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಗಾಳಿಯೂ ಜೋರಾಗಿತ್ತು. ಅದು ತಾನೇ ಲೆಕ್ಕ ಹಾಕಿ ಗೆರೆಗೆ ಬಂದು ಇಳಿಯಿತು. ಅದರೊಳಗಿನ ಯಂತ್ರ ಮಾಡಿದ್ದೂ ನೀವು ಪೆನ್ಸಿಲ್ ಹಿಡಿದು ಮಾಡುವುದೂ ಬೇರಿನಲ್ಲಿ ಒಂದೇ ಲೆಕ್ಕ. ಪ್ರತಿ ಸಂಜೆ ಮಾಡಿ. ಪರೀಕ್ಷೆಯ ಕೊಠಡಿಗೆ ಯಾವ ಸಾಧನ ಬಿಡುತ್ತಾರೆ ಅನ್ನುವುದನ್ನು ಆ ಸಲದ ಡಿಜಿಸಿಎ ಸೂಚನೆಯಲ್ಲಿ ನೋಡಿಕೊಂಡು ಹೋಗಿ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ನೀಬೋರ್ಡ್ ಅಂದರೆ ತೊಡೆಯ ಮೇಲೆ ಕಟ್ಟಿಕೊಂಡು ಬರೆಯುವ ಹಲಗೆ. ಪರೀಕ್ಷೆ ಪ್ಯಾಡನ್ನು ಅರ್ಧಕ್ಕೆ ಕತ್ತರಿಸಿ, ಟೈಲರ್ ಹತ್ತಿರ ಅಗಲದ ಎಲಾಸ್ಟಿಕ್ ಹೊಲಿಸಿದರೆ ಆಯಿತು. ದೊಡ್ಡದು ಬೇಡ. ಸೆಸ್ನಾದಲ್ಲಿ ಯೋಕ್, ಅಂದರೆ ವಿಮಾನ ತಿರುಗಿಸುವ ಹಿಡಿ, ಪೂರ್ತಿ ತಿರುಗಿಸುವಾಗ ದೊಡ್ಡ ಹಲಗೆ ಅಡ್ಡ ಬರುತ್ತದೆ. ಇಳಿಯುವ ಹೊತ್ತಿಗೆ ಹಾಗಾಗಬಾರದು. ತಂಪು ಕನ್ನಡಕ ಕೊಳ್ಳುವಾಗ ಪೋಲರೈಸ್ಡ್ ಬೇಡ ಅಂತ ಹೇಳಿ ಕೇಳಿ. ಅದನ್ನು ಹಾಕಿಕೊಂಡರೆ ವಿಮಾನದ ಕೆಲವು ಸ್ಕ್ರೀನ್‌ಗಳು ಕಪ್ಪಾಗಿ ಕಾಣುತ್ತವೆ. ಐಪ್ಯಾಡ್ ಬೇಡ. ಸಿಮ್ ಇಲ್ಲದ ಮಾಡೆಲ್‌ಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ. ಇರುವುದನ್ನು ಕೊಂಡರೂ ಕಲಬುರಗಿ ಬಿಸಿಲಿಗೆ ಗಾಜಿನ ಹಿಂದೆ ಕಾದು ತಾನೇ ಆಫ್ ಆಗುತ್ತದೆ. ಇಂಧನದಲ್ಲಿ ನೀರು ನೋಡುವ ಗಾಜಿನ ಕೊಳವೆ ಸ್ಕೂಲಿನಲ್ಲೇ ಇರುತ್ತದೆ. ಟಾರ್ಚ್ ರಾತ್ರಿ ಹಾರಾಟ ಬಂದಾಗ ನೋಡೋಣ.

ವಾಚ್ ಬೇಕು, ಆದರೆ ಪೈಲಟ್ ವಾಚ್ ಅಂತ ಮಾರುವ ದುಬಾರಿ ವಾಚ್ ಬೇಡ. ಸೆಕೆಂಡಿನ ಮುಳ್ಳು ಇರಬೇಕು, ಅಂಕಿ ಚೆನ್ನಾಗಿ ಕಾಣಬೇಕು, ಅಷ್ಟೇ. ತಾತನ ಪೆಟ್ಟಿಗೆಯಲ್ಲಿ ಕೀ ಕೊಡುವ ಎಚ್‌ಎಂಟಿ ಪೈಲಟ್ ವಾಚ್ ಇದ್ದರೆ ಹುಡುಕಿ ನೋಡಿ. ಕಪ್ಪು ಮುಖದ, ಬಿಳಿ ಅಂಕಿಯ ಎಷ್ಟು ಚೆಂದದ ವಾಚ್ ಅದು! ಯಾವ ವಾಚ್ ಆದರೂ ಇವತ್ತಿನಿಂದಲೇ ಐದೂವರೆ ಗಂಟೆ ಹಿಂದಕ್ಕೆ ಇಟ್ಟುಕೊಳ್ಳಿ. ವಿಮಾನಯಾನ ನಡೆಯುವುದು ಯುಟಿಸಿ ಅನ್ನುವ, ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ. ಬೆಳಗ್ಗೆ ಎಂಟೂವರೆಗೆ ಬೆಣ್ಣೆ ದೋಸೆ ತಿನ್ನುವಾಗ ಅಲ್ಲಿ 0300 ಅಂತ ತಲೆ ತಾನೇ ಹೇಳಬೇಕು.

ಪ್ರದರ್ಶನದಲ್ಲಿ ಸಾಮಾನಿಗಿಂತ ದೊಡ್ಡ ವ್ಯಾಪಾರ ಒಂದಿದೆ. ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತರಬೇತಿ ಸಂಸ್ಥೆಗಳೂ ಮಳಿಗೆ ಹಾಕುತ್ತವೆ. ಒಳ್ಳೆಯವೂ ಇರುತ್ತವೆ. ಆದರೆ ಇವತ್ತೇ ಅಡ್ವಾನ್ಸ್ ಕಟ್ಟಿದರೆ ಲಕ್ಷ ಕಡಿಮೆ ಅನ್ನುವವರೂ ಇರುತ್ತಾರೆ. ಅಲ್ಲಿ ನಿಂತು ಒಂದು ರೂಪಾಯಿಯನ್ನೂ ಕಟ್ಟಬೇಡಿ, ಫೋನ್‌ಪೇಯಲ್ಲೂ ಬೇಡ. ಬದಲಿಗೆ ಕೇಳಿ. ನಿಮ್ಮ ಹತ್ತಿರ ಎಷ್ಟು ವಿಮಾನ ಇದೆ ಅಂತಲ್ಲ, ಹೋದ ವಾರ ಎಷ್ಟು ವಿಮಾನ ಹಾರಿದವು ಅಂತ ಕೇಳಿ. ಈಗ ಎಷ್ಟು ವಿದ್ಯಾರ್ಥಿಗಳು, ಎಷ್ಟು ಇನ್‌ಸ್ಟ್ರಕ್ಟರ್‌ಗಳು? ಹಿಂದಿನ ಬ್ಯಾಚಿನವರಿಗೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಬೇಕಾಯಿತು? ನಡುವೆ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ, ಬರಹದಲ್ಲಿ ಕೊಡುತ್ತೀರಾ? ಉತ್ತರಕ್ಕಿಂತ ಅವರು ತಡವರಿಸುವ ರೀತಿಯಲ್ಲಿ ಜಾಸ್ತಿ ಗೊತ್ತಾಗುತ್ತದೆ. 2025ರಿಂದ ಡಿಜಿಸಿಎ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಶ್ರೇಣಿ ಕೊಟ್ಟು ಪ್ರಕಟಿಸುತ್ತಿದೆ. ನಿಮ್ಮ ಮನಸ್ಸಿನಲ್ಲಿರುವ ಸ್ಕೂಲ್ ಅದರಲ್ಲಿ ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಲೆಕ್ಕ ಕೇಳುವುದರಲ್ಲಿ ದಾವಣಗೆರೆಯವರನ್ನು ಯಾರೂ ಮೀರಿಸಲಾರರು.

ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ಮಳಿಗೆ ಸಿಕ್ಕರೆ ಅಲ್ಲಿ ಅರ್ಧ ಗಂಟೆ ಕಳೆಯಿರಿ. ಬೆಂಗಳೂರಿನಲ್ಲೇ ಹುಟ್ಟಿದ ಹಂಸ ಅನ್ನುವ ಎರಡು ಸೀಟಿನ ತರಬೇತಿ ವಿಮಾನ ಅವರದು. ಹಳೆಯ ಹಂಸ 1993ರಲ್ಲಿ ಮೊದಲು ಹಾರಿತು, ಹೊಸ ಹಂಸ ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ. ಎಲ್ಲರೂ ಫೈಟರ್ ಮುಂದೆ ಸೆಲ್ಫಿಗೆ ಸಾಲು ನಿಂತಿರುತ್ತಾರೆ, ಹಂಸದ ಹತ್ತಿರ ಜನ ಕಡಿಮೆ. ಅದರ ಎಂಜಿನಿಯರುಗಳು ಕನ್ನಡದಲ್ಲೇ ಮಾತಾಡುವವರೂ ಸಿಗುತ್ತಾರೆ. ಕಾಕ್‌ಪಿಟ್‌ನಲ್ಲಿ ಕೂರಲು ಬಿಡುತ್ತೀರಾ ಅಂತ ಕೇಳಿ. ಬಿಟ್ಟರೆ ಹೆಡ್‌ಸೆಟ್ ಪ್ಲಗ್ ಹಾಕುವ ಜಾಗ ಎಲ್ಲಿದೆ ಅಂತ ಹುಡುಕಿ. ನಿಮ್ಮ ಕಾಲು ರಡ್ಡರ್ ಪೆಡಲ್‌ಗೆ ಪೂರ್ತಿ ಎಟುಕುತ್ತದಾ, ಹೊರಗಿನ ನೆಲ ಮೂಗಿನ ಮೇಲಿಂದ ಕಾಣುತ್ತದಾ ನೋಡಿ. ಎಟುಕದಿದ್ದರೆ ಬೇಸರ ಬೇಡ, ಬೆನ್ನಿಗೆ ದಿಂಬು ಇಟ್ಟು ಹಾರಿ ಲೈಸೆನ್ಸ್ ಪಡೆದವರಿಗೆ ನಾನೇ ಕಲಿಸಿದ್ದೇನೆ.

ಇಷ್ಟಕ್ಕೂ ಮೊದಲು ಆಗಬೇಕಾದ ಖರ್ಚು ಬೇರೆ ಇದೆ. ನಿಮ್ಮದು ಕ್ಲಾಸ್ 2 ಆಗಿದೆ. ಅದರಲ್ಲಿ ಟ್ರೈನಿಂಗ್ ಶುರು ಮಾಡಬಹುದು, ಕಮರ್ಷಿಯಲ್ ಲೈಸೆನ್ಸ್ ಸಿಗುವುದಿಲ್ಲ. ಅದಕ್ಕೆ ಕ್ಲಾಸ್ 1 ಬೇಕು. ಸ್ಕೂಲಿಗೆ ಫೀಸು ಕಟ್ಟುವ ಮೊದಲು ಅದನ್ನು ಮಾಡಿಸಿ. ಕಣ್ಣು, ಹೃದಯ, ಕಿವಿ ಎಲ್ಲ ನೋಡುತ್ತಾರೆ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ತೊಂದರೆ ಗೊತ್ತಾಗಿ ಅಳುತ್ತಾ ಊರಿಗೆ ಹೋದ ಹುಡುಗನೊಬ್ಬನನ್ನು ರೈಲು ಹತ್ತಿಸಿದ್ದೇನೆ. ಆ ಅರವತ್ತು ಸಾವಿರದಲ್ಲಿ ಮೊದಲ ಪಾಲು ಕ್ಲಾಸ್ 1ಕ್ಕೆ ಹೋಗಲಿ. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಮದುವೆ ಮನೆಯ ಡಿಜೆ, ಪಟಾಕಿ, ಇಯರ್‌ಫೋನ್ ಯಾವುದೂ ಬೇಡ. ಕಿವಿ ದಣಿದಿದ್ದರೆ ಆಡಿಯೋಗ್ರಾಂ ತಗ್ಗು ತೋರಿಸುತ್ತದೆ. ನಿಮ್ಮ ಹಾಳೆ ಬಂದ ಮೇಲೆ ಅದರ ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಪ್ರತಿ ಸಲ ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿ. ನಾನು ಹಾಗೆ ನೋಡಿದ್ದರೆ ಆ ಸೀಳಿದ ಮೆತ್ತೆಯನ್ನು ಎರಡು ವರ್ಷ ಮೊದಲೇ ಬಿಸಾಡುತ್ತಿದ್ದೆ.

ಸ್ಕೂಲಿಗೆ ಸೇರಿದ ಮೊದಲ ವಾರ, ನಿಮ್ಮ ವಿಮಾನದ ಪ್ಯಾನಲ್‌ನಲ್ಲಿ ಪ್ಲಗ್ ಹಾಕುವ ಜಾಗದ ಒಂದು ಫೋಟೊ ತೆಗೆದು ನನಗೆ ಕಳಿಸಿ. ಜೊತೆಗೆ ವಿಮಾನದ ಮಾಡೆಲ್ ಬರೆಯಿರಿ, ಕನ್ನಡಕ ಹಾಕುತ್ತೀರಾ ಅಂತಲೂ ಬರೆಯಿರಿ. ಯಾವ ಹೆಡ್‌ಸೆಟ್ ತಗೊಳ್ಳಬೇಕು ಅಂತ ಆಗ ಹೆಸರು ಹಿಡಿದು ಹೇಳುತ್ತೇನೆ.